ಸಿಸ್ಟರ್ ಗರಿ ಬಿಟ್ಟ ಮಳೆಗಾಲ

ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಲು ಬಂದವನು ವಾಷಿಂಗ್ ಮಷಿನ್ನಿನ ಹಿಂದಿನಿಂದ ಒಂದು ಮೊರದಷ್ಟು ಕಸ ಬಳಿದು ಹೊರಗೆಳೆದ. ಒಣಕಡ್ಡಿ, ಹಿಕ್ಕೆ, ಗರಿ. ಎದ್ದ ವಾಸನೆಗೆ ಅವನು ಮೂಗಿಗೆ ಕರ್ಚೀಫು ಕಟ್ಟಿಕೊಂಡ. ನಾನು ಮಾತ್ರ ಇನ್ನಷ್ಟು ಹತ್ತಿರ ಹೋಗಿ ನಿಂತೆ. ಹಳೆಯ ಟಾಲ್ಕಂ ಪೌಡರಿಗೆ ಚಾಕ್‌ಪೀಸಿನ ಪುಡಿ ಬೆರೆಸಿದಂಥ ವಾಸನೆ ಅದು. ಹಕ್ಕಿಗೆ ಹೊಸ ಗರಿ ಬರುವಾಗ ಅದರ ಮೇಲೊಂದು ಮೇಣದಂಥ ಪೊರೆ ಇರುತ್ತದೆ. ಅದು ಒಡೆದು ಪುಡಿಯಾಗಿ ಉದುರುವಾಗಿನ ವಾಸನೆ. ರಾಯಚೂರಿನ ನಮ್ಮ ಈ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಗುರುತಿಸಬಲ್ಲವಳು ನಾನೊಬ್ಬಳೇ ಇರಬೇಕು. ಅದರ ಹಿಂದೆಯೇ ಒಬ್ಬ ಮನುಷ್ಯನ ಮುಖ ಬಂತು, ಮುಖದ ಹಿಂದೆ ಸಿಟ್ಟು ಬಂತು. ನಿನ್ನೆ ಮೊನ್ನೆಯದೆಂಬಂತೆ ಬಿಸಿಬಿಸಿಯಾದ ಸಿಟ್ಟು. ಫ್ರ್ಯಾಂಕ್ಲಿ, ನನಗೆ ಸಂತೋಷವೇ ಆಯಿತು. ಈ ವಯಸ್ಸಿನಲ್ಲಿ ಕನ್ನಡಕ ಎಲ್ಲಿಟ್ಟೆನೆಂಬುದು ಮರೆಯುತ್ತದೆ, ಪಕ್ಕದ ಮನೆಯವರ ಹೆಸರು ಮರೆಯುತ್ತದೆ. ಇದೊಂದನ್ನು ಯಾರೂ ನನ್ನಿಂದ ಕಸಿದುಕೊಂಡಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷ ಅದು. ನಾನು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರ್, ಮೊದಲ ಪೋಸ್ಟಿಂಗ್. ಜೊತೆಗೆ ಅಪ್ಪ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದಳು. ಅಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಬೇಲು ಒತ್ತುವ ಪ್ರೆಸ್ಸಿನ ಕೂಲಿಯಾಗಿದ್ದವನು. ಅವನ ತೋಳು ನೋಡಿದವರು ಪೈಲ್ವಾನನೆಂದುಕೊಳ್ಳುತ್ತಿದ್ದರು. ಆ ತೋಳಿನ ಮೇಲೆ ನನ್ನನ್ನು ಕೂರಿಸಿಕೊಂಡು ಕಾನ್ವೆಂಟಿನ ಗೇಟಿಗೆ ಬಂದು, ಮದರ್ ಸುಪೀರಿಯರ್ ಎದುರು ನಿಂತು, "ಈಕಿನ್ನ ನಿಮ್ಮಂಗ ಮಾಡ್ರಿ" ಎಂದನಂತೆ. ಅವರು ಮಾಡಿದರು. ಫೋರ್ಕು ಹಿಡಿಯುವುದರಿಂದ ಹಿಡಿದು ಫರ್ಗಿವ್‌ನೆಸ್‌ವರೆಗೆ ಎಲ್ಲ ಕಲಿಸಿದರು. ಮೊದಲನೆಯದು ಇವತ್ತಿಗೂ ಬರುತ್ತದೆ.

ನನಗೆ ಕೆಲಸ ಸಿಕ್ಕ ಚಳಿಗಾಲದಲ್ಲೇ ಅಪ್ಪನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಗಿ ಮಾತು ನಿಂತುಹೋಯಿತು. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಬಿಟ್ಟಿತು. ರಾಯಚೂರಿನ ಡಾಕ್ಟರು ರಬ್ಬರಿನ ಚೆಂಡು ಕೊಟ್ಟು, "ಬೆರಳು ಬಿಚ್ಚಿ ಮುಚ್ಚಿ ಮಾಡಬೇಕು, ಇಲ್ಲಂದ್ರೆ ಕೈ ಹೀಗೇ ಕಲ್ಲಾಗಿಬಿಡ್ತದೆ" ಎಂದರು. ಅಪ್ಪ ಚೆಂಡನ್ನು ಎಡಗೈಯಲ್ಲಿ ಎತ್ತಿ ಗಟಾರಕ್ಕೆ ಎಸೆದ. ಪ್ರೆಸ್ಸಿನ ಚಕ್ರ ತಿರುಗಿಸಿದವನಿಗೆ ಮಕ್ಕಳ ಚೆಂಡು.

ಸಿಸ್ಟರ್ ಬಂದದ್ದು ಶಿವರಾತ್ರಿಯ ಆಸುಪಾಸಿಗೆ. ಎಲ್ಲಿಂದ ಬಂದಳೋ, ಒಂದು ಬೆಳಗ್ಗೆ ನಮ್ಮ ಅಂಗಳದ ಗೋಡೆಯ ಮೇಲೆ ಕೂತಿದ್ದಳು. ಮೈಯೆಲ್ಲ ಬಿಳಿಯ ಪಾರಿವಾಳ, ತಲೆಯ ಮೇಲೆ ಮಾತ್ರ ಕಪ್ಪು, ನಮ್ಮ ಕಾನ್ವೆಂಟಿನ ನನ್ಸ್ ಹಾಕುವ ವೇಲ್‌ನಂತೆ. ಹೆಸರು ಹುಡುಕಬೇಕಾಗಲಿಲ್ಲ. ಅಪ್ಪ ಹಗ್ಗದ ಹೊರಸಿನ ಮೇಲೆ ಕೂತು ಎಡಗೈಯಿಂದ ಜೋಳ ಸ್ವಚ್ಛ ಮಾಡುತ್ತಿದ್ದ. ಒಂದೆರಡು ಕಾಳು ಬಲಗೈಯ ಮುಷ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಅವಳು ಇಳಿದು ಬಂದು, ಹೊರಸಿನ ಅಂಚಿಗೆ ಕೂತು, ಆ ಸಂದಿಗೇ ಕೊಕ್ಕು ಹಾಕಿದಳು. ಅಪ್ಪ ಉಸಿರು ಬಿಗಿಹಿಡಿದು ಬೆರಳು ಬಿಚ್ಚಲು ನೋಡಿದ. ಕಿರುಬೆರಳು ಸ್ವಲ್ಪವೇ ಸ್ವಲ್ಪ ಎದ್ದಿತು.

ಆಮೇಲೆ ಅದೇ ಅವನ ಎಕ್ಸರ್ಸೈಜ್. ದಿನಾ ಬೆಳಗ್ಗೆ ಎಡಗೈಯಿಂದ ಬಲಗೈಯ ಮುಷ್ಟಿಗೆ ಕಾಳು ತುರುಕುವುದು, ಸಿಸ್ಟರ್ ಬಂದು ಕೇಳುವುದು, ಅವನು ಕೊಡಲು ಒದ್ದಾಡುವುದು. ಯುಗಾದಿಯ ಹೊತ್ತಿಗೆ ಅಂಗೈಯ ಅರ್ಧ ಕಾಣಿಸುತ್ತಿತ್ತು. ಪಕ್ಕದ ಮನೆಯ ಖೈರುನ್‌ಬಿ ಬಳೆ ಮಾರುವವಳು, ಕೈ ನೋಡಿಯೇ ಮನುಷ್ಯರನ್ನು ಅಳೆಯುವವಳು. ನಾನು ಶಾಲೆಗೆ ಹೋದಾಗ ಅಪ್ಪನನ್ನು ನೋಡಿಕೊಳ್ಳುತ್ತಿದ್ದಳು. "ಈ ಕೈಗೆ ಇನ್ನ ಎಂಟು ದಿನದಾಗ ನಾನು ಬಳಿ ತೊಡಸ್ತೀನಿ ನೋಡು, ಹಸಿರು ಗಾಜಿಂದು" ಎಂದು ಅಪ್ಪನನ್ನು ಕಾಡುವಳು. ಅಪ್ಪ ಸೊಟ್ಟ ಬಾಯಲ್ಲೇ ನಗುವನು.

ಇನ್ನು ಆ ಮನುಷ್ಯ. ಹೆಸರು ಪಂಪಣ್ಣ. ಅಕ್ಕಿ ಮಿಲ್ಲಿನ ಸಾಹುಕಾರರ ತಮ್ಮನ ಮಗ, ಊರ ಬಾಯಲ್ಲಿ ಸಣ್ಣ ಸಾಹುಕಾರ. ನಮ್ಮ ಓಣಿಯ ಆಚೆ ಬದಿಗೆ ಅವರ ಎರಡಂತಸ್ತಿನ ಮನೆ. ಮೇಲೆ ನಿಂತರೆ ನಮ್ಮ ಅಂಗಳ ತಟ್ಟೆಯಲ್ಲಿಟ್ಟಂತೆ ಕಾಣುತ್ತಿತ್ತು. ಅವನಿಗೆ ಪಾರಿವಾಳ ಹಾರಿಸುವ ಶೋಕಿ. ಸಂಜೆಗೆ ಗುಂಪನ್ನೇ ಮೇಲೆ ಬಿಟ್ಟು, ಬಾಯಲ್ಲಿ ಎರಡು ಬೆರಳಿಟ್ಟು ಸೀಟಿ ಹೊಡೆದರೆ ಇಡೀ ಮಾನ್ವಿ ಮೇಲೆ ನೋಡುತ್ತಿತ್ತು. ಬೇಸಿಗೆಯ ಒಂದು ಸಂಜೆ ಸಿಸ್ಟರ್ ಆ ಗುಂಪಿನ ಜೊತೆ ಎದ್ದಳು, ಎರಡು ಸುತ್ತು ಹಾಕಿದಳು, ಅವರ ಜೊತೆಗೇ ಅವನ ಮಾಳಿಗೆಗೆ ಇಳಿದಳು.

ನಾನು ಹೋಗಿ ಕೇಳಿದೆ. ಮಾಳಿಗೆಯ ಮೇಲೆ ಅವನ ಗೆಳೆಯರೆಲ್ಲ ಇದ್ದರು. ಸಿಸ್ಟರ್ ಅವನ ಕೈಯಲ್ಲಿದ್ದಳು.

"ಬರ್ರಿ ಟೀಚರ್, ಬರ್ರಿ. ಏ, ಕುರ್ಚಿ ಹಾಕ್ರೋ."

"ಹಕ್ಕಿ ನಮ್ದುರಿ. ಕೊಡ್ರಿ, ಹೋಗ್ತೀನಿ."

"ಯಾರ ಮಾಳಿಗಿ ಮ್ಯಾಲ ಇಳೀತದ, ಅವ್ರದರಿ ಅದು. ಈ ಆಟದಾಗ ಹಂಗ ಅದ."

"ನಾನೇನು ಆಟ ಆಡಾಕತ್ತಿಲ್ಲ. ನಮ್ಮಪ್ಪಗ ಆರಾಮಿಲ್ಲ. ಅವ್ರಿಗೆ ಅದು ಬೇಕ್ರಿ."

"ಹಂಗೇನು? ಹಂಗಾದ್ರ ಇಂಗ್ಲಿಷ್‌ನ್ಯಾಗ ಕೇಳ್ರಿ. ನಮ್ಮ ಮಂದಿ ಕೇಳಿಲ್ಲ, ಕೇಳ್ಲಿ."

ನಾನು ಕೇಳಿದೆ. ಅಪ್ಪನ ಕೈ ಕಣ್ಣ ಮುಂದಿತ್ತು, ಕೇಳಿದೆ. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ, ಪ್ಲೀಸ್ ಸೇರಿಸಿ, ಪೂರ್ತಿ ವಾಕ್ಯದಲ್ಲಿ. ಎಲ್ಲರೂ ನಕ್ಕರು. "ಪ್ಲೀಸ್ ಅಂತ ನೋಡ್ರೋ," ಎಂದ ಅವನು, "ಪ್ರೆಸ್ಸಿನ ಕೂಲಿ ಮಗಳು ಪ್ಲೀಸ್ ಅಂತಾಳ." ಆಮೇಲೆ ಗೂಡಿನ ಮೇಲಿಂದ ಕತ್ತರಿ ತೆಗೆದುಕೊಂಡು, ಒಂದು ರೆಕ್ಕೆ ಬಿಚ್ಚಿ ದೊಡ್ಡ ಗರಿಗಳನ್ನೆಲ್ಲ ನಡುವಿಗೆ ಕತ್ತರಿಸಿದ. ಇನ್ನೊಂದನ್ನೂ ಕತ್ತರಿಸಿದ. ಬಾಲವನ್ನೂ ಬಿಡಲಿಲ್ಲ. "ಕೇಳಿದ್ರಿ, ಕೊಟ್ಟೆ" ಎಂದು ಸಿಸ್ಟರನ್ನು ನಮ್ಮ ಅಂಗಳದ ಕಡೆಗೆ ಎಸೆದ.

ಅವಳು ಹಾರಲು ನೋಡಿದಳು. ರೆಕ್ಕೆ ಬಡಿಯಿತು, ಗಾಳಿ ಸಿಕ್ಕಲಿಲ್ಲ. ಹಿಂಡಿದ ಬಟ್ಟೆ ಬಿದ್ದಂತೆ ಅಪ್ಪನ ಹೊರಸಿನ ಮುಂದೆ ಬಿದ್ದಳು. ನಾನು ಮಾಳಿಗೆ ಇಳಿದು, ಓಣಿ ದಾಟಿ ಬರುವಷ್ಟರಲ್ಲಿ ಅವಳು ತೆವಳಿಕೊಂಡು ಹೊರಸಿನ ಕೆಳಗೆ ಸೇರಿದ್ದಳು. ಅಪ್ಪನ ಬಲಗೈ ಮತ್ತೆ ಎದೆಗೆ ಅಂಟಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮುಷ್ಟಿ ಬಿಡಿಸಲು ಹೋದರೆ ಬೆರಳು ಕಬ್ಬಿಣ.

ಕಿತ್ತ ಗರಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ. ಹಿಡಿದ ಹಕ್ಕಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವವರು ಗರಿ ಕೀಳುತ್ತಾರೆ. ಕತ್ತರಿಸಿದರೆ ಮಾತ್ರ ಬರುವುದಿಲ್ಲ. ಅದರ ಬುಡ ಮೈಯಲ್ಲೇ ಇರುವುದರಿಂದ, ವರ್ಷದ ಗರಿ ಬಿಡುವ ಕಾಲದಲ್ಲಿ ಆ ಮೋಟುಗಳು ತಾವಾಗಿ ಉದುರುವ ತನಕ ಹಕ್ಕಿ ನೆಲದ ಮೇಲೇ. ಪಂಪಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕತ್ತರಿ ಎತ್ತಿದ. ಇದನ್ನು ಖೈರುನ್‌ಬಿ ಹೇಳಿದಾಗ ನನ್ನೊಳಗೆ ಏನೋ ಒಂದು ತಣ್ಣಗೆ ಕೂತುಕೊಂಡಿತು. ಅಲ್ಲಿಯವರೆಗೆ ನಾನು ಅತ್ತಿದ್ದೆ. ಆಮೇಲೆ ಅಳಲಿಲ್ಲ.

"ಅವನ ಹಕ್ಕಿಯೊಳಗ ಎಲ್ಲಾಕ್ಕಿಂತ ಛಲೋದು ಯಾವ್ದು?" ಎಂದು ಕೇಳಿದೆ.

ಖೈರುನ್‌ಬಿ ನನ್ನನ್ನೇ ನೋಡಿದಳು. ಅವಳ ಗಂಡ ಬದುಕಿದ್ದಾಗ ಹಕ್ಕಿ ಹಾರಿಸಿದವನು. "ಸುರ್ಮಾ," ಎಂದಳು. "ಬೂದಿ ಬಣ್ಣದ್ದು. ಕಣ್ಣಿಗೆ ಸುರ್ಮಾ ಹಚ್ಚಿದಂಗ ಕಪ್ಪು ಅದ ಅದಕ್ಕ. ಹೈದರಾಬಾದ್‌ದಿಂದ ತಂದಾನ. ಹೆಂಡ್ತಿಗಿಂತ ಹೆಚ್ಚು ಅದು ಅವಂಗ. ಯಾಕ?"

"ಅದು ನಮ್ಮ ಅಂಗಳಕ್ಕ ಇಳೀಬೇಕು."

"ಯಾ ಅಲ್ಲಾ," ಎಂದಳು, ಆದರೆ ಅವಳ ಕಣ್ಣು ನಕ್ಕಿತು. "ಜೋಡಿ ಹಾಕಿಲ್ಲ ಅವ ಅದಕ್ಕ. ಹೆಣ್ಣಿಲ್ಲದ ಗಂಡು ದೂರ ಹಾರ್ತದಂತ ಒಂಟಿ ಇಟ್ಟಾನ. ಹೆಣ್ಣು ಹಾರಿದ್ರ ಹಿಂದ ಬಂದ್ರೂ ಬಂತು. ಮೊದ್ಲು ನಿನ್ನ ಸಿಸ್ಟರಮ್ಮ ಹಾರ್ಲಿ."

ಮೋಟುಗಳನ್ನೆಲ್ಲ ಒಮ್ಮೆಗೇ ಎಳೆದುಬಿಡೋಣ, ಬೇಗ ಬರುತ್ತವೆ ಎಂಬುದು ಅವಳ ಸಲಹೆ. ಮೊದಲನೆಯದಕ್ಕೆ ಕೈ ಹಾಕಿದಳೋ ಇಲ್ಲವೋ, ಗೋಡೆಯ ಕಡೆ ಮಲಗಿದ್ದ ಅಪ್ಪನಿಂದ ಒಂದು ಸದ್ದು ಬಂತು. ಮಾತಲ್ಲ, ದನ ಕೂಗಿದಂಥ ಸದ್ದು. ಅವಳು ಕೈ ತೆಗೆದಳು. ನಾನೂ ಬೇಡವೆಂದೆ. ಆಗಷ್ಟೇ ಬಿದ್ದು ನಡುಗುತ್ತಿರುವ ಹಕ್ಕಿಯ ಮೈಯಿಂದ ಅಷ್ಟನ್ನು ಕಿತ್ತರೆ ಉಳಿಯುವುದೇ ಅನುಮಾನ. ಉದುರುವ ಕಾಲಕ್ಕೆ ಉದುರಲಿ. ನನ್ನ ಸಿಟ್ಟಿಗೇನೂ ಅವಸರವಿರಲಿಲ್ಲ. ಐ ಕುಡ್ ವೇಟ್.

ಜೂನಿನ ಮಿರುಗ ಮಳೆ ಹನಿಸಿದ ಮೇಲೆ ಶುರುವಾಯಿತು. ಖೈರುನ್‌ಬಿ ಇದನ್ನು ಕುರೀಜ್ ಎನ್ನುತ್ತಿದ್ದಳು, ಹಕ್ಕಿ ಹಳೆ ಗರಿ ಬಿಟ್ಟು ಹೊಸದು ತೊಡುವ ಕಾಲ. ಒಂದು ಮುಂಜಾನೆ ಎರಡೂ ರೆಕ್ಕೆಯಿಂದ ಒಂದೊಂದು ಮೋಟು ಬಿದ್ದಿತ್ತು, ಅಳತೆ ಮಾಡಿ ಹಾಕಿದಂತೆ. ಆ ಜಾಗದಲ್ಲಿ ನೀಲಿ ಮುಳ್ಳೊಂದು ಮೊಳೆಯಿತು. ಮುಳ್ಳಿನ ತುಂಬ ರಕ್ತ. ಹೊಸ ಗರಿ ಬೆಳೆಯುವುದು ಹಾಗೇ, ಪೊರೆಯೊಳಗೆ ರಕ್ತ ಕುಡಿಯುತ್ತ. ಮಾಮೂಲಿ ಹಕ್ಕಿಗಾದರೆ ಅಕ್ಕಪಕ್ಕದ ಹಳೆಯ ಗರಿಗಳು ಆ ಮುಳ್ಳಿಗೆ ಆಸರೆ. ಸಿಸ್ಟರಿಗೆ ಅಕ್ಕಪಕ್ಕ ಬರೀ ಮೋಟು. ಎಲ್ಲಿ ತಾಗಿದರೂ ಮುರಿಯುವಂತಿತ್ತು. ಮನೆಯಲ್ಲಿದ್ದ ಚೂಪು ಮೂಲೆಗಳಿಗೆಲ್ಲ ಹಳೆಯ ಸೀರೆ ಸುತ್ತಿದೆ. ಹೊರಸಿನ ಪಕ್ಕ ಇಟ್ಟಿಗೆಯ ಮೆಟ್ಟಿಲು ಮಾಡಿದೆ, ಅವಳು ಹಾರಿ ಹತ್ತದೆ ನಡೆದು ಹತ್ತಲೆಂದು.

ಆದರೂ ಒಂದು ದಿನ ಮುರಿಯಿತು. ಶಾಲೆಯಿಂದ ಬರುತ್ತೇನೆ, ಗೋಡೆಯ ಸುಣ್ಣದ ಮೇಲೆ ಕೆಂಪು ಹನಿ ಸಾಲಾಗಿ ಸಿಡಿದಿವೆ. ಗುಡುಗಿಗೆ ಬೆಚ್ಚಿ ರೆಕ್ಕೆ ಬಡಿದಿದ್ದಳು. ಖೈರುನ್‌ಬಿ ಅರಿಶಿನ ಒತ್ತುತ್ತಿದ್ದಳು, ನಿಲ್ಲುತ್ತಿರಲಿಲ್ಲ. ನಾನು ಅಪ್ಪನ ಕ್ಷೌರದ ಡಬ್ಬಿಯಿಂದ ಪಟಿಕ ತಂದು ತಿಕ್ಕಿದೆ. ಸ್ವಲ್ಪ ಇಂಗಿತು, ಮತ್ತೆ ಜಿನುಗಿತು. ಕೊನೆಗೆ ಮುರಿದ ಮುಳ್ಳನ್ನು ಬುಡದಿಂದ ನೇರ ಎಳೆದು, ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ನನ್ನ ಅಂಗೈಯಲ್ಲಿ ಅವಳ ಎದೆ ಹೊಲಿಗೆ ಮಷಿನ್ನಿನಂತೆ ಹೊಡೆದುಕೊಳ್ಳುತ್ತಿತ್ತು. ಎದುರಿನ ಮಾಳಿಗೆಯಿಂದ ಅದೇ ಹೊತ್ತಿಗೆ ಸೀಟಿ ಕೇಳಿಸಿತು. ಮೇಲೆ ನೋಡಲಿಲ್ಲ. ಒಂದು ಕಡೆ ರಕ್ತ ನಿಲ್ಲಲೆಂದು ಪ್ರೇ ಮಾಡುತ್ತಿದ್ದೆ, ಇನ್ನೊಂದು ಕಡೆ ಆ ಸೀಟಿಯವನಿಗೆ ಏನಾಗಬೇಕೆಂದೂ ಪ್ರೇ ಮಾಡುತ್ತಿದ್ದೆ. ಎರಡನ್ನೂ ಒಬ್ಬನೇ ದೇವರಿಗೆ.

ಹೊಸ ಗರಿ ಗಟ್ಟಿಯಾಗಲು ಮೇವು ಬದಲಿಸಿದೆವು. ಜೋಳದ ಜೊತೆ ಹೆಸರು, ಕುಸುಬೆ, ಒಂದು ಚಿಟಿಕೆ ಎಳ್ಳು. ಬರೀ ಕುಸುಬೆ ಹಾಕಿದರೆ ಮೈ ಕಾವೇರುತ್ತದೆಂದು ಖೈರುನ್‌ಬಿ, ಎಣ್ಣೆಕಾಳು ಬೇಕೇ ಬೇಕೆಂದು ನಾನು, ದಿನಾ ಜಗಳ. ಸ್ನಾನಕ್ಕೂ ಜಗಳ. "ಮಳಿಗಾಲದಾಗ ನೀರು ನಕ್ಕೋ, ಬ್ಯಾಡ, ನೆಗಡಿ ಬರ್ತದ" ಎಂದು ಅವಳು. ಅವಳು ಬಳೆ ಮಾರಲು ಹೋದಾಗ ನಾನು ಬಿಸಿಲಿನಲ್ಲಿ ಅಗಲವಾದ ಪರಾತಕ್ಕೆ ನೀರು ತುಂಬಿಸಿಡುತ್ತಿದ್ದೆ. ಸಿಸ್ಟರ್ ಅದರಲ್ಲಿ ಕೂತು, ಕಣ್ಣು ಅರೆಮುಚ್ಚಿ, ಒಂದೊಂದೇ ಗರಿ ನೆನೆಸಿಕೊಳ್ಳುವಳು. ಸುಣ್ಣದಂಶ ಬೇಕೆಂದು ಒಂದು ಭಾನುವಾರ ಬಸ್ ಹತ್ತಿ ಚೀಕಲಪರ್ವಿಗೆ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಸೀರೆ ಮೇಲೆತ್ತಿಕೊಂಡು ಚಿಪ್ಪು ಆರಿಸಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಯಾಕ ಬೇ ಟೀಚರಮ್ಮ, ಪಗಾರ ಸಾಲವಲ್ದೇನು, ಚಿಪ್ಪು ತಿನ್ನಾಕ ಬಂದೀಯಲ್ಲ" ಎಂದು ಕೇಳಿದಳು. ಹಕ್ಕಿಗೆಂದೆ. ಯಾವ ಕೆಲಸಕ್ಕೆಂದು ಹೇಳಲಿಲ್ಲ.

ಮನೆಗೆ ಬಂದವರೆಲ್ಲ ಹಕ್ಕಿಯನ್ನು ನೋಡಿ ಅದೇ ಒಂದು ಮಾತು ಹೇಳಿ ಹೋಗುತ್ತಿದ್ದರು. ಪಾರಿವಾಳ ಕೊಯ್ದು ಬಿಸಿ ರಕ್ತ ಹಚ್ಚಿದರೆ ಲಕ್ವಾ ಹೊಡೆದ ಕೈ ಬಿಚ್ಚುತ್ತದೆ. ಹೆಡ್‌ಮಿಸ್ಟ್ರೆಸ್ ಕೂಡ, ಬಿಎಸ್ಸಿ ಓದಿದವರು, ಕಿವಿಯಲ್ಲಿ ಹೇಳಿದರು. ನಮ್ಮ ಸೀಮೆಯಲ್ಲಿ ಇದನ್ನು ನಂಬದ ಮನೆಯೇ ಇರಲಿಲ್ಲ. ನಾನು ಚಹಾ ಕೊಟ್ಟು ಕಳಿಸುತ್ತಿದ್ದೆ.

ಆಷಾಢದಲ್ಲಿ ತಲೆ ಮತ್ತು ಕುತ್ತಿಗೆಯ ಗರಿ ಬಿಟ್ಟಳು. ನಮ್ಮ ನನ್ ಬೋಳಾಗಿ, ತಲೆ ತುಂಬ ಮುಳ್ಳು ನಿಂತು ಭಯಂಕರವಾಗಿ ಕಾಣುತ್ತಿದ್ದಳು. ಮೈಮೇಲಿನ ಪೊರೆಯನ್ನು ಹಕ್ಕಿ ಕೊಕ್ಕಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ತಲೆಗೆ ಕೊಕ್ಕು ಎಟುಕುವುದಿಲ್ಲ. ಅಲ್ಲಿಗೆ ಜೋಡಿ ಹಕ್ಕಿ ಬೇಕು. ಸಿಸ್ಟರಿಗೆ ತುರಿಕೆ ತಡೆಯದು, ಹೊರಸಿನ ಕಾಲಿಗೆ ತಲೆ ತಿಕ್ಕುವಳು. ಆಮೇಲೆ ಒಂದು ಮಧ್ಯಾಹ್ನ ಇಟ್ಟಿಗೆ ಮೆಟ್ಟಿಲು ಹತ್ತಿ ಬಂದು, ಮಲಗಿದ್ದ ಅಪ್ಪನ ಎದೆಗೆ ಅಂಟಿದ್ದ ಮುಷ್ಟಿಯ ಕೆಳಗೆ ತಲೆ ತೂರಿಸಿ ನಿಂತಳು. ತೆಗೆಯಲೊಲ್ಲಳು.

ನಾನು ನೋಟ್‌ಬುಕ್ ತಿದ್ದುತ್ತ ಅಲ್ಲೇ ಕೂತಿದ್ದೆ. ಅಪ್ಪ ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಹೆಬ್ಬೆರಳು, ಬರೀ ಹೆಬ್ಬೆರಳು, ಅವಳ ನೆತ್ತಿಯ ಮೇಲೆ ಒಮ್ಮೆ ಸರಿಯಿತು. ಒಂದು ಮುಳ್ಳಿನ ಪೊರೆ ಒಡೆದು ಬಿಳಿ ಪುಡಿ ಉದುರಿ, ಒಳಗಿನಿಂದ ಕಪ್ಪು ಗರಿ ಕುಂಚದಂತೆ ಬಿಚ್ಚಿಕೊಂಡಿತು. ಸಿಸ್ಟರ್ ಕಣ್ಣು ಮುಚ್ಚಿದಳು. ಮತ್ತೊಂದು. ತೋರುಬೆರಳು ಸೇರದೆ ಪೊರೆ ಸರಿಯಾಗಿ ಒಡೆಯುತ್ತಿರಲಿಲ್ಲ, ಆದ್ದರಿಂದ ತೋರುಬೆರಳೂ ಬರಬೇಕಾಯಿತು. ಎರಡು ಬೆರಳ ನಡುವೆ ಹಿಡಿದು, ನಾಜೂಕಾಗಿ, ರಕ್ತವಿರುವ ಬುಡ ಮುಟ್ಟದೆ ತುದಿ ಮಾತ್ರ ಹೊಸಕುವುದು. ಬೇಲು ಒತ್ತುತ್ತಿದ್ದ ಕೈ ಅದು. ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಆ ಪುಡಿ. ಹಾಸಿಗೆಯಲ್ಲಿ, ಸಾರಿನಲ್ಲಿ, ನನ್ನ ಜಡೆಯಲ್ಲಿ.

ಖೈರುನ್‌ಬಿ ರತನ್‌ಜೋತ್ ಎಂಬ ಬೇರು ಹಾಕಿ ಕಾಸಿದ ಎಣ್ಣೆ ತಂದು ದಿನಾ ಬೆಳಗ್ಗೆ ಅಪ್ಪನ ಕೈಗೆ ತಿಕ್ಕಲು ಶುರು ಮಾಡಿದಳು. ಮೊಣಕೈಯವರೆಗೆ ಕೆಂಪು ಕೆಂಪು ಎಣ್ಣೆ. "ಕೈ ಬಿಚ್ಚಿದ್ದು ನನ್ನ ಎಣ್ಣಿಯಿಂದ" ಎಂದು ಅವಳು, "ಹಕ್ಕಿಯಿಂದ" ಎಂದು ಅಪ್ಪ. ಹೌದು, ಅಪ್ಪ. ಮಾತೂ ಒಂದೊಂದೇ ಬರತೊಡಗಿತ್ತು.

ಮಹಾಲಯ ಕಳೆಯುವ ಹೊತ್ತಿಗೆ ಸಿಸ್ಟರಿಗೆ ಕೊನೆಯ ದೊಡ್ಡ ಗರಿಯೂ ಬಂತು. ಹಾಲಿನಂಥ ಬಿಳಿ, ಬಾಚಿದಂಥ ಅಂಚು. ರೆಕ್ಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ, ಒಂದು ಸೀಳೂ ಇಲ್ಲ. ಅಂಗಳದ ಗೋಡೆಗೆ, ಗೋಡೆಯಿಂದ ನಮ್ಮ ಮಾಳಿಗೆಗೆ ಹಾರಿಸಿ ಅಭ್ಯಾಸ ಮಾಡಿಸಿದೆ. ಕಾಳಿನ ಡಬ್ಬಿ ಅಲ್ಲಾಡಿಸಿದರೆ ಅಪ್ಪನ ಹೊರಸಿಗೇ ಇಳಿಯಬೇಕು, ಬೇರೆಲ್ಲೂ ಅಲ್ಲ. ಟೀಚರ್ ಕೆಲಸ ಆಗ ಉಪಯೋಗಕ್ಕೆ ಬಂತು ಅನ್ನಬಹುದು.

ಪಂಪಣ್ಣ ನೆಲ್ಲು ನೋಡಲು ಗಂಗಾವತಿಗೆ ಹೋದ ವಾರ ಅದು. ಅವನ ಆಳುಗಳು ಸಂಜೆ ಹಕ್ಕಿ ಬಿಡುತ್ತಿದ್ದರು. ಸುರ್ಮಾನಿಗೆ ಇನ್ನೂ ಕುರೀಜ್ ಮುಗಿದಿರಲಿಲ್ಲ, ಹಾರುವಾಗ ರೆಕ್ಕೆಯಲ್ಲಿ ಸಂದಿ ಕಾಣುತ್ತಿತ್ತು. "ಗರಿ ಬಿಡೋ ಹೊತ್ತಿನ್ಯಾಗ ಹಿಂಗ ಹಾರಿಸ್ತಾರೇನು, ಕಮ್‌ಬಖ್ತ್," ಎಂದು ಖೈರುನ್‌ಬಿ ಕೆಳಗಿನಿಂದ ಬೈದಳು. ನಾನು ಮಾಳಿಗೆ ಹತ್ತಿ ಸಿಸ್ಟರನ್ನು ಮೇಲೆಸೆದೆ.

ಎದ್ದಳು. ಎದೆಯಿಂದ ಏನೋ ಕಿತ್ತುಕೊಂಡು ಹೋದಂತೆ ಎದ್ದಳು. ಬೆಳ್ಳಗೆ ಒಂದು ಸುತ್ತು, ಎರಡು ಸುತ್ತು. ಮೇಲಿನ ಗುಂಪಿನಿಂದ ಬೂದಿ ಬಣ್ಣದ್ದೊಂದು ಬೇರೆಯಾಗಿ ಕೆಳಗೆ ಬಂತು, ಅವಳ ಹಿಂದೆ ಬಿತ್ತು. ಎದುರಿನ ಮಾಳಿಗೆಯಿಂದ ಸೀಟಿಯ ಮೇಲೆ ಸೀಟಿ. ನಾನು ಡಬ್ಬಿ ಅಲ್ಲಾಡಿಸಿದೆ. ಸಿಸ್ಟರ್ ರೆಕ್ಕೆ ಮಡಚಿ ನೇರ ಅಪ್ಪನ ಹೊರಸಿಗೆ ಇಳಿದು ಅಂಗೈಯಿಂದ ಕಾಳು ಹೆಕ್ಕತೊಡಗಿದಳು. ಸುರ್ಮಾ ಗೋಡೆಯ ಮೇಲೆ ಕೂತ. ಕುತ್ತಿಗೆ ಉಬ್ಬಿಸಿದ. ನೆಲಕ್ಕಿಳಿದು, ಹೊರಸಿಗೆ ಹತ್ತಿ, ಅವಳ ಸುತ್ತ ತಲೆ ಬಾಗಿಸಿ ಬಾಗಿಸಿ ತಿರುಗಿದ. ಅಪ್ಪ ಕಲ್ಲಿನಂತೆ ಕೂತಿದ್ದ. ತಿರುಗುತ್ತ ತಿರುಗುತ್ತ ಸುರ್ಮಾ ಒಂದು ಕಾಲನ್ನು ಅಪ್ಪನ ಬಲ ಅಂಗೈಯಲ್ಲಿಟ್ಟ.

ಬೆರಳುಗಳು ಮುಚ್ಚಿಕೊಂಡವು.

"ಹಿಡಿದ್ನಿ," ಎಂದ ಅಪ್ಪ.

ಎರಡು ಹಕ್ಕಿಯನ್ನೂ ಒಳಕೋಣೆಯಲ್ಲಿಟ್ಟೆ. ಆಳುಗಳಿಗೆ ಹಕ್ಕಿ ಯಾವ ಕಡೆ ಇಳಿಯಿತೆಂದು ಹೇಳುವ ಧೈರ್ಯವಿರಲಿಲ್ಲ. ದೊರೆ ಊರಿಗೆ ಬಂದ ಮೇಲೆ ಬಾಯಿ ಬಿಟ್ಟರು. ಅಷ್ಟರಲ್ಲಿ ಸುರ್ಮಾ ಮನೆ ತುಂಬ ಬೂದಿ ಬಣ್ಣದ ಗರಿ ಉದುರಿಸಿದ್ದ. ದಿನಾ ಗುಡಿಸಿ ಅಂಗಳದ ಮೂಲೆಗೆ ಹಾಕುತ್ತಿದ್ದೆ.

ಪಂಪಣ್ಣ ಬಂದದ್ದು ಭಾನುವಾರ ಬೆಳಗ್ಗೆ. ಖೈರುನ್‌ಬಿ ಆಗಷ್ಟೇ ಎಣ್ಣೆ ತಿಕ್ಕಿ ಮುಗಿಸಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ನಮ್ಮಂಥವರ ಮನೆ ಮುಂದೆ ಅವನು ಚಪ್ಪಲಿ ಬಿಟ್ಟದ್ದು ಅದೇ ಮೊದಲಿರಬೇಕು.

"ಟೀ‌ಚರ್, ನಮ್ಮ ಸುರ್ಮಾ ಈ ಕಡಿ..." ಎಂದವನು ಅಲ್ಲಿಗೇ ನಿಂತ. ಮೊಣಕೈವರೆಗೆ ಕೆಂಪಾದ ಅಪ್ಪನ ಕೈ ನೋಡಿದ. ಕೆಳಗೆ ಬಿದ್ದ ಕೆಂಪು ಬಟ್ಟೆ ನೋಡಿದ. ಮೂಲೆಯಲ್ಲಿದ್ದ ಗರಿಯ ಗುಡ್ಡೆ ನೋಡಿದ. ಅವನ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಲಕ್ವಾಕ್ಕೇನ್ರಿ?" ಎಂದು ಕೇಳಿದ.

ಖೈರುನ್‌ಬಿ ಬಾಯಿ ತೆರೆದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದೆ.

ತಾನಾಗಿ ಉದುರಿದ ಗರಿ ಯಾವುದು, ಕಿತ್ತದ್ದು ಯಾವುದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿರಲಿಲ್ಲ. ಬಗ್ಗಿ ಒಂದನ್ನು ಎತ್ತಿ ನೋಡಿದ್ದರೆ ಸಾಕಿತ್ತು. ಬಗ್ಗಲಿಲ್ಲ. ಒಳಕೋಣೆಯಲ್ಲಿ ಸುರ್ಮಾ ಒಮ್ಮೆ ಗುಟುರು ಹಾಕಿದ್ದರೂ ಸಾಕಿತ್ತು. ಗರಿ ಬಿಡುವ ಹಕ್ಕಿ ಮಂಕಾಗಿ ಸುಮ್ಮನಿರುತ್ತದೆ, ಸುಮ್ಮನಿತ್ತು.

"ಕುಂದರ್ರಿ ಸಾಹುಕಾರ್ರ," ಎಂದೆ ನಾನು. "ಕುರ್ಚಿ ಇಲ್ಲ ನಮ್ಮಲ್ಲಿ."

ಅವನು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ತಿರುಗಿ, ಚಪ್ಪಲಿ ಅಲ್ಲೇ ಮರೆತು ಬರಿಗಾಲಲ್ಲಿ ಓಣಿ ದಾಟಿ ಹೋದ.

"ಹೇಳಂಗಿಲ್ಲೇನು ಯವ್ವಾ?" ಎಂದು ಅಪ್ಪ ಕೇಳಿದ.

"ಇಲ್ಲ."

ಅಪ್ಪ ಕೆಂಪು ಕೈಯನ್ನು ಮತ್ತೆ ಖೈರುನ್‌ಬಿಯ ಮುಂದೆ ಚಾಚಿದ. ಅವಳು ಚಪ್ಪಲಿಯನ್ನು ಕಡ್ಡಿಯಿಂದ ಎತ್ತಿ ಓಣಿಗೆ ಒಗೆದು ಬಂದು ತಿಕ್ಕತೊಡಗಿದಳು.

ಆಮೇಲೆ ಎದುರು ಮಾಳಿಗೆಯಲ್ಲಿ ಸೀಟಿ ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಗೂಡು ಬಿಚ್ಚಿಸಿ, ಉಳಿದ ಹಕ್ಕಿಗಳನ್ನು ಯಾರಿಗೋ ಕೊಟ್ಟುಬಿಟ್ಟ. ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಅವರ ಮನೆಯ ಕೆಲಸದವಳು ಖೈರುನ್‌ಬಿಗೆ ಹೇಳಿದ್ದಳು. ಖೈರುನ್‌ಬಿ ಅದನ್ನು ಹೇಳುವಾಗ ಸ್ವಲ್ಪ ಮೆತ್ತಗಾಗಿದ್ದಳು. ನಾನು ಆಗಲಿಲ್ಲ. ಐ ಸ್ಲೆಪ್ಟ್ ವೆಲ್. ಮುಂದಿನ ಬೇಸಿಗೆಗೆ ದೇವದುರ್ಗಕ್ಕೆ ಟ್ರಾನ್ಸ್‌ಫರ್ ಆದಾಗ, ಮುಚ್ಚಳದ ಬುಟ್ಟಿಯಲ್ಲಿ ಎರಡು ಹಕ್ಕಿಯನ್ನಿಟ್ಟು, ಮೇಲೆ ನನ್ನ ಸೀರೆ ಹೊದಿಸಿ, ಅವನ ಮನೆಯ ಮುಂದೆಯೇ ನಡೆದು ಬಸ್ ಹತ್ತಿದೆ.

ಅವನನ್ನು ಮತ್ತೆ ನೋಡಿದ್ದು ಎಷ್ಟೋ ವರ್ಷದ ಮೇಲೆ, ಎಂಬತ್ತರ ದಶಕ ಅರ್ಧ ಕಳೆದಾಗ. ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿಗೆ ನಿಂತಿದ್ದೆ. ಕೂದಲು ಉದುರಿದ, ಹೊಟ್ಟೆ ಬಂದ ಒಬ್ಬ ಮನುಷ್ಯ ಹತ್ತಿರ ಬಂದು ನಮಸ್ಕಾರ ಮಾಡಿದ. ದನಿಯಿಂದ ಗುರುತು ಹತ್ತಿತು.

"ಅಪ್ಪಾರು ಅದಾರೇನ್ರಿ ಟೀಚರ್?"

"ಅದಾರ್ರಿ."

ಅವನು ಏನೋ ಕೇಳಬೇಕೆಂದಿದ್ದ, ಹೊರಡುತ್ತಿರಲಿಲ್ಲ. ಬಸ್ ಬಂದು ನಿಂತಿತು. ಮಂದಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯತೊಡಗಿದರು.

"ಒಂದು ಮಾತು ಕೇಳಬೇಕಂತ ಭಾಳ ವರ್ಷದಿಂದ ಇತ್ರಿ. ಆ ವರ್ಷ ಅಪ್ಪಾರ ಕೈ ಗುಣ ಆತೇನ್ರಿ? ಅದು ಅಷ್ಟಕ್ಕರ ಉಪಯೋಗ ಆತಂದ್ರ ನನಗ..." ಕೈ ಆಡಿಸಿದ.

ಆ ದಿನ ಬೆಳಗ್ಗೆ ನಾನು ದೇವದುರ್ಗದಿಂದ ಹೊರಡುವಾಗ ಅಪ್ಪ ಬಲಗೈಯಿಂದಲೇ ಧೋತರದ ಗಂಟು ಹಾಕಿಕೊಂಡಿದ್ದ. ಅದೇ ಕೈಯಿಂದ ರೊಟ್ಟಿ ಮುರಿದು ನುಚ್ಚು ಮಾಡಿ ಮುದಿ ಸುರ್ಮಾನಿಗೆ ಹಾಕುತ್ತ, ಅವನ ಜೊತೆ ಏನೋ ಮಾತಾಡುತ್ತ ಕೂತಿದ್ದ. ಸಿಸ್ಟರ್ ಹಿಂದಿನ ಚಳಿಗಾಲದಲ್ಲಿ ಹೋಗಿದ್ದಳು. ಇಬ್ಬರು ಗಂಡಸರೂ ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಒಂದು ಮಾತು ಹೇಳಿದ್ದರೆ ಪಂಪಣ್ಣ ಅದೇ ಬಸ್ ಹತ್ತಿ ಬಂದು, ಆ ಕಪ್ಪು ಕಣ್ಣನ್ನು ಇನ್ನೊಮ್ಮೆ ನೋಡಬಹುದಿತ್ತು.

"ಇಲ್ರೀ," ಎಂದೆ. "ಏನೂ ಗುಣ ಆಗ್ಲಿಲ್ಲ."

ಅವನು ತಲೆಯಾಡಿಸಿದ. "ಹಂಗಾದ್ರ ಸುಮ್‌ಸುಮ್ನ ಹೋತ್ರಿ ಅದು."

"ಹೌದ್ರಿ. ಸುಮ್‌ಸುಮ್ನ ಹೋತು."

ಬಸ್ ಹತ್ತಿದೆ, ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಅವನು ಕೆಳಗೆ ಹಾಗೇ ನಿಂತಿದ್ದ. ಊರು ದಾಟುವ ಮೊದಲೇ ನನಗೆ ಹಸಿವಾಯಿತು. ಬುತ್ತಿ ಬಿಚ್ಚಿ, ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು, ಒಂದು ಚೂರೂ ಬಿಡದೆ ತಿಂದೆ.